ಡೈನೋಜೆಸ್ಟ್ 2 ಮಿ.ಗ್ರಾಂ. ಮಾತ್ರೆ: ಶಸ್ತ್ರಚಿಕಿತ್ಸೆಯ ನಂತರದ 14 ತಿಂಗಳು

ಎಂಡೊಮೆಟ್ರಿಯೋಸಿಸ್ ಕಾಯಿಲೆಯಿಂದ ಎಡ ಅಂಡಾಶಯದಲ್ಲಿ ಬೆಳೆದಿದ್ದ 5 ಸೆಂಟಿಮೀಟರಿನ ಚಾಕೊಲೇಟ್ ಸಿಸ್ಟನ್ನು (ಹಳೆಯ ರಕ್ತ ತುಂಬಿದ ಚೀಲ) ಲ್ಯಾಪರೊಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನಡೆಸುವ ಶಸ್ತ್ರಚಿಕಿತ್ಸೆ) ತೆಗೆಸಿಕೊಂಡ ಮೇಲೆ, ಅದು ಮತ್ತೆ ಬೆಳೆಯದಿರಲೆಂದು ವೈದ್ಯೆ ಬರೆದುಕೊಟ್ಟ ಡೈನೋಜೆಸ್ಟ್ ಮಾತ್ರೆಯನ್ನು ನಾನು 14 ತಿಂಗಳಿನಿಂದ ದಿನಕ್ಕೊಂದರಂತೆ ನುಂಗುತ್ತಿದ್ದೇನೆ. ಇದೇ ಔಷಧಿಯ ಚೀಟಿ ಹಿಡಿದು ಮನೆಗೆ ಬಂದು, ತೆಗೆದುಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಮಟ್ಟಿಗೆ ಇದು ಒಳ್ಳೆಯ ಔಷಧಿ. ಆದರೆ ಇದರ ಮೊದಲ ಮೂರು ತಿಂಗಳು ಹೇಗಿರುತ್ತವೆ ಎಂಬುದನ್ನು ತಿಳಿದೇ ಶುರು ಮಾಡಬೇಕು.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಗರ್ಭಕೋಶದ ಹಿಂಭಾಗ, ಕರುಳು ಮುಂತಾದ ಕಡೆ ಬೆಳೆಯುವ ಈ ಕಾಯಿಲೆ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಇದೆ. ನನಗೆ ಹದಿನಾರನೇ ವಯಸ್ಸಿನಿಂದಲೇ ಮುಟ್ಟಿನ ದಿನಗಳಲ್ಲಿ ಎದ್ದು ನಿಲ್ಲಲಾಗದಷ್ಟು ನೋವಿತ್ತು. ಮದುವೆಯಾದರೆ ಸರಿಹೋಗುತ್ತದೆ ಎಂದರು, ಆಮೇಲೆ ಹೆರಿಗೆಯಾದರೆ ಸರಿಹೋಗುತ್ತದೆ ಎಂದರು. ಮಗಳು ಹುಟ್ಟಿ ಮೂರು ವರ್ಷವಾದ ಮೇಲೆ, ಹುಬ್ಬಳ್ಳಿಯಲ್ಲಿ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು.

ಡೈನೋಜೆಸ್ಟ್ ಪ್ರೊಜೆಸ್ಟಿನ್ ಗುಂಪಿನ ಹಾರ್ಮೋನು. ಅಂಡೋತ್ಪತ್ತಿಯನ್ನು ತಡೆದು, ಈ ಅಂಗಾಂಶವನ್ನು ಬೆಳೆಸುವ ಈಸ್ಟ್ರೊಜೆನ್ ಹಾರ್ಮೋನಿನ ಮಟ್ಟವನ್ನು ತಗ್ಗಿಸಿ, ಹೊರಗೆ ಬೆಳೆದ ಅಂಗಾಂಶ ಕ್ರಮೇಣ ಸೊರಗುವಂತೆ ಮಾಡುತ್ತದೆ. ಗರ್ಭನಿರೋಧಕ ಮಾತ್ರೆಯಂತೆ ಇಪ್ಪತ್ತೊಂದು ದಿನ ತೆಗೆದುಕೊಂಡು ಏಳು ದಿನ ಬಿಡುವ ಕ್ರಮ ಇದಕ್ಕಿಲ್ಲ. ರಕ್ತ ಕಂಡರೂ ಕಾಣದಿದ್ದರೂ ಪ್ರತಿದಿನ ಒಂದೇ ಹೊತ್ತಿಗೆ ನುಂಗಬೇಕು. ನುಂಗಿದ ಮೂರು ನಾಲ್ಕು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ತೆಗೆದುಕೊಳ್ಳಬೇಕು. ನಮ್ಮ ಶಿರಸಿಯ ಅಂಗಡಿಗಳಲ್ಲಿ ನನಗೆ ಎಲ್ಲ ಸಲವೂ ಸಿಗದ ಕಾರಣ, ಎರಡು ತಿಂಗಳಿಗಾಗುವಷ್ಟನ್ನು ಒಟ್ಟಿಗೇ ತಂದಿಟ್ಟುಕೊಳ್ಳುತ್ತೇನೆ.

ಎರಡನೇ ವಾರದಿಂದ ನನಗೆ ಕಂದು ಬಣ್ಣದ ಸ್ರಾವ ಶುರುವಾಯಿತು. ನಾಲ್ಕು ದಿನ ನಿಂತು, ಆರು ದಿನ ಕಾಣಿಸಿಕೊಂಡು, ಹೀಗೆ ಸುಮಾರು ಎಂಬತ್ತು ದಿನ ಹೊರಗೆ ಹೊರಟಾಗಲೆಲ್ಲ ಪ್ಯಾಡ್ ಜೊತೆಯಲ್ಲೇ ಇರಬೇಕಾಯಿತು. ಮುಟ್ಟಿನ ಮಡಿ ಪಾಲಿಸುವ ಮನೆಯಲ್ಲಿ ಇಂಥ ಸ್ರಾವ ಎಷ್ಟು ತೊಡಕು ತರುತ್ತದೆಂಬುದನ್ನು ಯಾವ ಕರಪತ್ರವೂ ಬರೆಯುವುದಿಲ್ಲ. ಲೆಕ್ಕವಿಡಲು ಮೊದಲ ದಿನವೆಂಬುದೇ ಇರುವುದಿಲ್ಲ. ನವರಾತ್ರಿಯಲ್ಲಿ ನಾನು ದೂರ ಕುಳಿತಿದ್ದಾಗ ಅತ್ತೆಯವರು ಬಂದು, “ಔಷಧಿಯಿಂದ ಬರೋದು ಮುಟ್ಟಲ್ಲ, ಎದ್ದು ಬಂದು ದೀಪ ಹಚ್ಚು ತಂಗಿ” ಎಂದರು. ಆ ಮಾತಿಗಾಗಿ ಅವರಿಗೆ ನಾನು ಋಣಿ. ನಾಲ್ಕನೇ ತಿಂಗಳಿಗೆ ಸ್ರಾವ ಪೂರ್ತಿ ನಿಂತಿತು, ಅದರೊಂದಿಗೆ ನೋವೂ ನಿಂತಿತು. ತಲೆನೋವು ಮಾತ್ರ ಆಗಾಗ ಬರುತ್ತದೆ. ಐದನೇ ತಿಂಗಳಲ್ಲಿ ಕಾರಣವಿಲ್ಲದೆ ಅಳು ಬರುತ್ತಿದ್ದುದನ್ನು ವೈದ್ಯೆಗೆ ಹೇಳಿದಾಗ, ಮನಸ್ಸು ಕುಗ್ಗುವುದು ಈ ಔಷಧಿಯ ತಿಳಿದಿರುವ ಅಡ್ಡಪರಿಣಾಮವೇ ಎಂದರು. ಎರಡು ತಿಂಗಳು ಅವರ ನಿಗಾದಲ್ಲಿದ್ದ ಮೇಲೆ ಅದು ತಗ್ಗಿತು. ಖಿನ್ನತೆಗೆ ಹಿಂದೆ ಚಿಕಿತ್ಸೆ ಪಡೆದವರು ಈ ವಿಷಯವನ್ನು ಮೊದಲೇ ತಿಳಿಸಬೇಕು.

ಇದಕ್ಕೂ ಮುಂಚೆ ಬೇರೊಂದು ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆ ಸುಲಭವಾಗಲೆಂದು ಹೇಳಿ, ಲ್ಯೂಪ್ರೊಲೈಡ್ 3.75 ಮಿ.ಗ್ರಾಂ. ಚುಚ್ಚುಮದ್ದನ್ನು ಮೂರು ತಿಂಗಳು ಕೊಟ್ಟಿದ್ದರು. ಅದು ಅಂಡಾಶಯದ ಕೆಲಸವನ್ನೇ ನಿಲ್ಲಿಸಿ ಮುಟ್ಟು ನಿಂತ ಸ್ಥಿತಿಯನ್ನು ತರುತ್ತದೆ. ಮೈಯೆಲ್ಲ ಕುದಿಯುವ ರಾತ್ರಿಗಳನ್ನೂ ಕೀಲುನೋವನ್ನೂ ಅನುಭವಿಸಿದೆ. ಮೂಳೆ ಸವೆಯದಂತೆ ಜೊತೆಯಲ್ಲಿ ಅಲ್ಪ ಪ್ರಮಾಣದ ಹಾರ್ಮೋನು ಕೊಡುವ ಕ್ರಮವಿದೆಯೆಂದು ಅಲ್ಲಿ ಯಾರೂ ಹೇಳಲಿಲ್ಲ. ಶಸ್ತ್ರಚಿಕಿತ್ಸೆಯ ಫಲ ಉತ್ತಮಗೊಳ್ಳಲೆಂದು ಮೊದಲೇ ಹಾರ್ಮೋನು ಕೊಡುವುದನ್ನು ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘವು (ESHRE) 2022ರ ಎಂಡೊಮೆಟ್ರಿಯೋಸಿಸ್ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿಲ್ಲವೆಂದು ಆಮೇಲೆ ತಿಳಿದಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಸಿಸ್ಟಿನೊಳಗಿನ ದ್ರವವನ್ನು ಸೂಜಿಯಿಂದ ಹೀರಿ ತೆಗೆದರೆ ಸಾಕೆಂಬ ಸಲಹೆಯನ್ನೂ ಅಲ್ಲಿಯೇ ಕೊಟ್ಟಿದ್ದರು. ಈಗಿನ ವೈದ್ಯೆ ಅದನ್ನು ಒಪ್ಪಲಿಲ್ಲ: ಬರೀ ಹೀರಿ ತೆಗೆದ ಸಿಸ್ಟ್ ಬಹುತೇಕ ಮತ್ತೆ ತುಂಬಿಕೊಳ್ಳುತ್ತದೆ, ಗೋಡೆಯನ್ನೇ ಸುಲಿದು ತೆಗೆದರೆ ಮರುಕಳಿಸುವ ಸಂಭವ ಕಡಿಮೆ, ಆದರೆ ಸುಲಿಯುವಾಗ ಅಂಡಾಶಯದ ಒಳ್ಳೆಯ ಭಾಗವೂ ಒಂದಿಷ್ಟು ಹೋಗುತ್ತದೆ. ಆದ್ದರಿಂದ ಮುಂದೆ ಮಗು ಬೇಕೆನ್ನುವವರು ಕತ್ತರಿ ತಾಗುವ ಮೊದಲು ಅಂಡಾಶಯದಲ್ಲಿ ಎಷ್ಟು ಅಂಡಾಣುಗಳು ಉಳಿದಿವೆಯೆಂಬ ಅಂದಾಜು ಕೊಡುವ ಎ.ಎಂ.ಎಚ್. ರಕ್ತಪರೀಕ್ಷೆ ಮಾಡಿಸಿ, ಆ ಸಂಖ್ಯೆಯನ್ನು ಮುಂದಿಟ್ಟುಕೊಂಡು ವೈದ್ಯರೊಡನೆ ಮಾತನಾಡುವುದು ಅತ್ಯಗತ್ಯ. ನೋವೊಂದೇ ತೊಂದರೆಯಾಗಿರುವವರು ಲ್ಯಾಪರೊಸ್ಕೋಪಿಯಿಂದ ಕಾಯಿಲೆ ಖಚಿತವಾಗುವವರೆಗೆ ಕಾಯಬೇಕಿಲ್ಲ. ಲಕ್ಷಣ ಮತ್ತು ಸ್ಕ್ಯಾನಿಂಗ್ ನೋಡಿ ಮಾತ್ರೆಯಿಂದಲೇ ಆರಂಭಿಸಬಹುದು ಎನ್ನುತ್ತದೆ ಅದೇ ಮಾರ್ಗಸೂಚಿ. ಗರ್ಭಕೋಶವನ್ನೇ ತೆಗೆಸಿಬಿಡಿ ಎಂಬ ಮಾತಿಗೆ ಬೇಗ ತಲೆದೂಗಬಾರದು; ಹೊರಗಿನ ಗಂಟುಗಳು ಉಳಿದರೆ ನೋವೂ ಉಳಿಯಬಹುದು.

ಮಗುವಿಗಾಗಿ ಈಗಲೇ ಪ್ರಯತ್ನಿಸುತ್ತಿರುವವರಿಗೆ ಡೈನೋಜೆಸ್ಟ್ ತಕ್ಕುದಲ್ಲ, ಏಕೆಂದರೆ ಅಂಡೋತ್ಪತ್ತಿಯೇ ನಿಂತಿರುತ್ತದೆ. ಹಾಗೆಂದು ಇದನ್ನು ಗರ್ಭನಿರೋಧಕವೆಂದು ನಂಬುವಂತೆಯೂ ಇಲ್ಲ; ಕಾಂಡೋಮ್ ಬಳಸಬೇಕು. ರಕ್ತನಾಳದಲ್ಲಿ ಹೆಪ್ಪುಗಟ್ಟಿರುವವರು, ಯಕೃತ್ತಿನ ತೀವ್ರ ಕಾಯಿಲೆಯಿರುವವರು, ಕಾರಣ ಪತ್ತೆಯಾಗದ ರಕ್ತಸ್ರಾವವಿರುವವರು ಇದನ್ನು ತೆಗೆದುಕೊಳ್ಳಬಾರದು. ಕ್ಷಯರೋಗದ ರಿಫಾಂಪಿಸಿನ್ ಮತ್ತು ಮೂರ್ಛೆರೋಗದ ಕೆಲವು ಮಾತ್ರೆಗಳು ಇದರ ಶಕ್ತಿಯನ್ನು ಕುಂದಿಸುತ್ತವೆ. ಹದಿಹರೆಯದ ಹುಡುಗಿಯರಲ್ಲಿ ಮೂಳೆಯ ಸಾಂದ್ರತೆ ಕಡಿಮೆಯಾಗುವುದು ಕಂಡುಬಂದಿರುವುದರಿಂದ, ಅವರಿಗೆ ಕೊಡುವಾಗ ತಾಯಂದಿರು ಈ ಪ್ರಶ್ನೆಯನ್ನು ತಪ್ಪದೆ ಕೇಳಬೇಕು.

ಕಳೆದ ತಿಂಗಳ ಸ್ಕ್ಯಾನಿಂಗಿನಲ್ಲಿ ಎರಡೂ ಅಂಡಾಶಯಗಳು ಸ್ವಚ್ಛವಾಗಿದ್ದವು. ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರಳಬಹುದೆಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಸದ್ಯ ಇನ್ನೊಂದು ವರ್ಷ ಮುಂದುವರಿಸುತ್ತೇನೆ.