ಚಿಕ್ಕಪೇಟೆ ಪಾತ್ರೆ ಅಂಗಡೀಲಿ 26 ಟಿಫನ್ ಬಾಕ್ಸು, 26 ಹೆಸರು

ಆಯುಧಪೂಜೆಗೆ ಹುಡುಗ್ರಿಗೆ ಏನ್ ಕೊಡೋದು ಅಂತ ತಲೆ ಕೆಡಿಸ್ಕೊಳ್ತಾ ಇರೋ ಸಣ್ಣ ಶಾಪ್ ಓನರ್‌ಗಳಿಗೆ ಈ ರಿವ್ಯೂ. ನಮ್ದು ಪೀಣ್ಯ ಇಂಡಸ್ಟ್ರಿಯಲ್ ಏರಿಯಾ ಸೆಕೆಂಡ್ ಸ್ಟೇಜಲ್ಲಿ ಸಿಎನ್‌ಸಿ ಜಾಬ್‌ವರ್ಕು, ಅಂದ್ರೆ ಕಂಪ್ಯೂಟರ್ ಕಂಟ್ರೋಲ್ ಮೆಷಿನಲ್ಲಿ ಬೇರೆ ಕಂಪ್ನಿಗಳಿಗೆ ಪಾರ್ಟ್ ಮಾಡ್ಕೊಡೋ ಕೆಲ್ಸ, 24 ಜನ ಇದೀವಿ, ಸೆಕ್ಯುರಿಟಿ ತಾತ ಮತ್ತೆ ಕಸ ಗುಡಿಸೋ ಅಮ್ಮನ್ನ ಸೇರಿಸಿದ್ರೆ 26.

ಮೊದ್ಲು ಹೋದ್ ವರ್ಷದ ಕಥೆ ಹೇಳ್ಬೇಕು. ಯಾವುದೋ ಆನ್‌ಲೈನ್ ಗಿಫ್ಟಿಂಗ್ ಕಂಪ್ನಿ, ಹೆಸರು ಬೇಡ ಬಿಡಿ, ತಲೆಗೆ 850 ರೂಪಾಯಿ ಅಂತ 'ಅಪ್ರಿಸಿಯೇಷನ್ ಕಿಟ್' ಆರ್ಡರ್ ಮಾಡಿದ್ದೆ. ನಮ್ ಲೋಗೋ ಇರೋ ಕಪ್ಪು ಮಗ್ಗು, ಒಂದು ಡೈರಿ, ಒಂದು ಪೆನ್ನು, ಇಂಗ್ಲಿಷಲ್ಲಿ ಥ್ಯಾಂಕ್ಯೂ ಕಾರ್ಡು. ಹಬ್ಬ ಮುಗ್ದು ನಾಲ್ಕನೇ ದಿನ ಬಂತು, ಅಷ್ಟೊತ್ತಿಗೆ ಮೆಷಿನ್ ಮೇಲಿನ ಚೆಂಡುಹೂವೆಲ್ಲ ಒಣಗಿ ಉದುರಿತ್ತು. ಲೇತ್ ಮುಂದೆ ಹನ್ನೆರಡು ಗಂಟೆ ನಿಲ್ಲೋನು ಡೈರೀಲಿ ಏನ್ ಬರೀತಾನೆ ಅಂತ ನನಗೆ ಆಗ ಹೊಳೀಲೇ ಇಲ್ಲ ನೋಡಿ. ಮಗ್ಗುಗಳು ಈಗ್ಲೂ ಶಾಪಲ್ಲೇ ಇವೆ, ಒಂದ್ರಲ್ಲಿ ಬ್ರಷ್ಷು, ಒಂದ್ರಲ್ಲಿ ಇನ್ಸರ್ಟು (ಲೋಹ ಕತ್ತರಿಸೋ ಸಣ್ಣ ಬಿಲ್ಲೆ), ಒಂದ್ರಲ್ಲಿ ಗ್ರೀಸು.

ಈ ಸಲ ಹುಡುಗ್ರನ್ನೇ ಕೇಳ್ದೆ. ಯಾರೂ ಬಾಯಿ ಬಿಡ್ಲಿಲ್ಲ, 'ನೀವ್ ಏನ್ ಕೊಟ್ರೂ ಸರಿ ಸಾರ್' ಅಷ್ಟೇ. ಟೀ ಟೈಮಲ್ಲಿ ನಮ್ ಹಳೇ ಟರ್ನರ್ (ಲೇತ್ ಓಡಿಸೋರು) ಒಬ್ರು ಮೆಲ್ಲಗೆ ಬಂದು, ಸಾಂಬಾರ್ ಚೆಲ್ಲದೇ ಇರೋ ಡಬ್ಬಿ ಸಿಕ್ರೆ ನೋಡಿ ಸಾರ್, ಬಿಎಂಟಿಸೀಲಿ ನಿಂತ್ಕೊಂಡ್ ಬರೋಷ್ಟ್ರಲ್ಲಿ ಬ್ಯಾಗೆಲ್ಲ ಹುಳಿ ವಾಸ್ನೆ ಅಂದ್ರು. ಅದೇ ಫೈನಲ್ ಆಯ್ತು.

ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋದೆ, ಪೀಣ್ಯದಿಂದ ಒಂದೇ ಗ್ರೀನ್ ಲೈನು, ಬದಲಾಯಿಸೋ ಗೋಜಿಲ್ಲ. ಕಾರ್ ತಗೊಂಡ್ ಹೋಗ್ಬೇಡಿ ಮಾರಾಯ್ರೆ, ಆ ಗಲ್ಲೀಲಿ ತಳ್ಳೋಗಾಡಿಗೇ ಜಾಗ ಇಲ್ಲ. ಸ್ಟೇಷನ್ನಿಂದ ಹತ್ತು ನಿಮಿಷ ನಡೆದ್ರೆ ಸಾಲಾಗಿ ಪಾತ್ರೆ ಅಂಗಡಿಗಳು, ನಾನ್ ಹೋಗಿದ್ದು ಅದ್ರಲ್ಲಿ ಒಂದು ಕಿರಿದಾದ ಅಂಗಡಿ, ಮೂರು ಫ್ಲೋರು, ಮಹಡಿ ಮೆಟ್ಲ ಮೇಲೂ ಕೊಳಗ ಜೋಡ್ಸಿಟ್ಟಿದಾರೆ.

ಮಾಲಿನ ವಿಷ್ಯಕ್ಕೆ ಬರ್ತೀನಿ. ಎರಡು ಅಂತಸ್ತಿನ ಡಬ್ಬಿ, ನಾಲ್ಕು ಕಡೆ ಕ್ಲಿಪ್ಪು, ಮುಚ್ಚಳದಲ್ಲಿ ಸಿಲಿಕೋನ್ ರಿಂಗು. 620 ಹೇಳಿದ್ರು, ಒಂದು ಕಾಫಿ ಕುಡಿದು 540ಕ್ಕೆ ಇಳಿಸ್ಕೊಂಡೆ. ಸ್ಟೇನ್‌ಲೆಸ್ ಸ್ಟೀಲಲ್ಲಿ ಒಳ್ಳೇ ಜಾತಿ, 304 ಗ್ರೇಡು ಅಂತ ಹೇಳಿ ಹುಡುಗ ಮ್ಯಾಗ್ನೆಟ್ ತೋರ್ಸಿದ, ನೋಡಿ ಸಾರ್ ಅಂಟಲ್ಲ ಅಂತ. ಇಲ್ಲಿ ಹುಷಾರಾಗಿರಿ, 202 ಅನ್ನೋ ಅಗ್ಗದ ಗ್ರೇಡಿಗೂ ಮ್ಯಾಗ್ನೆಟ್ ಅಂಟಲ್ಲ! 304ರಲ್ಲಿ ಸುಮಾರು 8 ಪರ್ಸೆಂಟ್ ನಿಕಲ್ ಇರುತ್ತೆ, 202ರಲ್ಲಿ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ತುಂಬಿರ್ತಾರೆ, ನೋಡೋಕೆ ಎರಡೂ ಒಂದೇ ಥರ ಫಳಫಳ, ಆದ್ರೆ ದಿನಾ ಹುಣಸೆಹುಳಿ ಉಪ್ಪು ಬಿದ್ರೆ 202 ಬೇಗ ಕಲೆ ಹಿಡಿಯುತ್ತೆ. ನಾನು ಸ್ಕ್ರ್ಯಾಪ್‌ನವರು ಇಟ್ಕೊಳ್ಳೋ ಟೆಸ್ಟಿಂಗ್ ಲಿಕ್ವಿಡ್ಡು, ಒಂಬತ್ತು ವೋಲ್ಟ್ ಬ್ಯಾಟ್ರಿ ಜೇಬಲ್ಲೇ ಹಾಕ್ಕೊಂಡ್ ಹೋಗಿದ್ದೆ. ತಳಕ್ಕೆ ಒಂದು ಹನಿ ಬಿಟ್ಟು ಬ್ಯಾಟ್ರಿ ತಾಗಿಸ್ದೆ, ಮ್ಯಾಂಗನೀಸ್ ಜಾಸ್ತಿ ಇದ್ರೆ ಕೆಂಪಗಾಗ್ಬೇಕು, ಆಗ್ಲಿಲ್ಲ. ಪಕ್ಕದ್ ರ‍್ಯಾಕಲ್ಲಿ 380 ರೂಪಾಯಿ ಡಬ್ಬಿಗೆ ಬಿಟ್ಟೆ, ದಾಸವಾಳದ ಬಣ್ಣ ಬಂತು. ಓನರ್ ನಕ್ಕು, ನೀವ್ ಪೀಣ್ಯದೋರಾ ಅಂದ್ರು.

ಇನ್ನು ಹೆಸರು ಕೆತ್ತೋ ಕೆಲ್ಸ, ನಾನ್ ಈ ಅಂಗಡಿಗೆ ಮಾರ್ಕ್ಸ್ ಕೊಡೋದೇ ಇದಕ್ಕೆ. ಮೂಲೇಲಿ ಒಂದು ಸ್ಟೂಲ್ ಮೇಲೆ ಅರವತ್ತು ದಾಟಿರೋ ಒಬ್ರು ಕೂತಿರ್ತಾರೆ, ಕೈಲಿ ಕರೆಂಟ್ ಪೆನ್ನು. ಝುಯ್ ಅಂತ ಶುರು ಮಾಡಿದ್ರೆ ಕೈ ಎತ್ತೋದೇ ಇಲ್ಲ, ಗೀಟೂ ಹಾಕ್ಕೊಳ್ಳಲ್ಲ, ಅಕ್ಷರ ಮಾತ್ರ ಹಳೇ ಕಾಲದ ಮೇಷ್ಟ್ರು ಬೋರ್ಡ್ ಮೇಲೆ ಬರೆದಂಗೆ ದುಂಡಗೆ. ಒತ್ತಕ್ಷರ ಬಂದಾಗ ಮಾತ್ರ ಉಸಿರು ಬಿಗಿ ಹಿಡೀತಾರೆ. ಪಾತ್ರೆ ಮೇಲೆ ಕೊಟ್ಟೋರ ಹೆಸರು ಹಾಕ್ಸೋದು ನಮ್ ಕಡೆ ರೂಢಿ ಅಲ್ವಾ, ಯಾರ್ ಮನೆ ಚೊಂಬು ತಿರುಗಿಸಿದ್ರೂ ಇಂಥೋರ ಮದುವೆ ಇಂಥಾ ತಾರೀಕು ಅಂತ ಇರುತ್ತೆ. ಅವ್ರೂ ಅದೇ ಲೆಕ್ಕದಲ್ಲಿ 'ಕಂಪ್ನಿ ಹೆಸ್ರು ಹೇಳಿ' ಅಂದ್ರು. ಕಂಪ್ನಿ ಹೆಸ್ರು ಬೇಡ, ತಗೊಳ್ಳೋರದ್ದು ಹಾಕಿ ಅಂದಿದ್ದಕ್ಕೆ ಕನ್ನಡಕ ಇಳಿಸಿ ನನ್ನ ನೋಡಿ, ಲಿಸ್ಟ್ ಕೊಡಿ ಅಂತ ಕೈ ಚಾಚಿದ್ರು.

ಲಿಸ್ಟಲ್ಲಿ ಇಬ್ರು ಮಂಜುನಾಥ, ಅವರಿಬ್ರಿಗೂ ಊರಿನ ಹೆಸರು ಸೇರ್ಸಿದ್ವಿ. ಒಡಿಶಾ ಹುಡುಗನ ಹೆಸರು ಒಡಿಯಾ ಲಿಪೀಲಿ ಹಾಕೋಕೆ ಅವ್ರಿಗೆ ಬರಲ್ಲ, ಅವನಿಗೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಹಾಕ್ಸಿ ಸಾರ್, ಅಮ್ಮಂಗೆ ಫೋಟೋ ಕಳಿಸ್ತೀನಿ ಅಂದ. ಕಸ ಗುಡಿಸೋ ಅಮ್ಮ ಕಾಂಟ್ರ್ಯಾಕ್ಟು ಅಂತ ಹೋದ್ ವರ್ಷ ಲಿಸ್ಟಲ್ಲೇ ಇರ್ಲಿಲ್ಲ (ಅದು ನನ್ ತಪ್ಪು), ಈ ಸಲ ಕೇಳಿದ್ರೆ ನನ್ ಹೆಸ್ರು ಬೇಡಪ್ಪ, ಮಗಳದ್ದು ಹಾಕ್ಸು, ಕಾಲೇಜಿಗೆ ಅವ್ಳೇ ತಗೊಂಡ್ ಹೋಗ್ತಾಳೆ ಅಂದ್ರು. 26 ಹೆಸರಿಗೆ ಒಂದೂವರೆ ಗಂಟೆ ಹಿಡೀತು, ಕೆತ್ತನೆಗೆ ಬೇರೆ ದುಡ್ಡಿಲ್ಲ.

ಬಿಲ್ಲು 14,040, ಮೇಲೆ 5 ಪರ್ಸೆಂಟ್ ಜಿಎಸ್‌ಟಿ, ಒಟ್ಟು 14,742. ಸ್ಟೀಲ್ ಪಾತ್ರೆಗೆ 2025ರ ಸೆಪ್ಟೆಂಬರ್ 21ರವರೆಗೂ 12 ಪರ್ಸೆಂಟ್ ಇತ್ತು, ಹಳೇ ರೇಟ್ ಹಾಕಿದಾರಾ ಅಂತ ಒಂದ್ಸಲ ಬಿಲ್ ನೋಡ್ಕೊಳ್ಳಿ. ಗಿಫ್ಟ್ ಕೊಡೋ ಮಾಲಿಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ, ಅಂದ್ರೆ ಇಲ್ಲಿ ಕಟ್ಟಿದ ಜಿಎಸ್‌ಟೀನ ನಾವ್ ಕಟ್ಟೋ ಟ್ಯಾಕ್ಸಲ್ಲಿ ಕಳ್ಕೊಳ್ಳೋ ಹಾಗಿಲ್ಲ, ಅದನ್ನ ಖರ್ಚಿಗೇ ಬರ್ಕೊಳ್ಳಿ. ಇನ್ನೊಂದು, ಕೆಲವ್ರು ಬೋನಸ್ಸನ್ನೇ ಗಿಫ್ಟ್ ಥರ ಸ್ಟೇಜ್ ಮೇಲೆ ಕೈಗಿಟ್ಟು ಫೋಟೋ ಹೊಡಿಸ್ಕೊಳ್ತಾರೆ, ಸಂಬಳದ ಕನಿಷ್ಠ 8.33 ಪರ್ಸೆಂಟು ಕಾನೂನು ಪ್ರಕಾರ ಅವರಿಗೆ ಸೇರಬೇಕಾದ ದುಡ್ಡು ಸ್ವಾಮಿ, ಅದಕ್ಕೆ ಚಪ್ಪಾಳೆ ಯಾಕೆ.

ಪೂಜೆ ದಿನ ಬೂದುಗುಂಬಳ ಒಡೆದು, ಕಡ್ಲೆಪುರಿ ಸ್ವೀಟ್ ಜೊತೆ ಡಬ್ಬಿ ಕೊಟ್ವಿ, ಭಾಷಣ ಮಾಡ್ಲಿಲ್ಲ. ಎಲ್ರೂ ಮೊದ್ಲು ಮಾಡಿದ್ದು ಏನಪ್ಪಾ ಅಂದ್ರೆ ಮುಚ್ಚಳ ತಿರುಗಿಸಿ ಹೆಸರಿನ ಮೇಲೆ ಹೆಬ್ಬೆಟ್ಟು ಉಜ್ಜಿದ್ದು. ಸೆಕ್ಯುರಿಟಿ ತಾತ ನೀರು ತುಂಬಿ ತಲೆಕೆಳಗೆ ಹಿಡಿದು ಎಲ್ರಿಗೂ ಡೆಮೊ ಕೊಟ್ರು.

ಕಂಪ್ಲೇಂಟ್ ಇಲ್ವಾ ಅಂದ್ರೆ ಇದೆ. ಮೂರು ಡಬ್ಬೀಲಿ ರಿಂಗ್ ಲೂಸು, ನೀರು ಜಿನುಗ್ತಿತ್ತು. ವಾಪಸ್ ತಗೊಂಡ್ ಹೋದ್ರೆ ಎರಡಕ್ಕೆ ತಕ್ಷಣ ಹೊಸ ರಿಂಗ್ ಹಾಕಿ ಕೊಟ್ರು, ಮೂರನೇದಕ್ಕೆ ಆ ಸೈಜ್ ಸ್ಟಾಕಿಲ್ಲ, ಮುಂದಿನ ವಾರ ಬನ್ನಿ ಅಂದ್ರು, ಎರಡು ವಾರ ಆಯ್ತು. ಬೇರೆ ಡಬ್ಬಿ ಕೊಡ್ತೀವಿ ಅಂತಾನೂ ಅಂದ್ರು, ಆದ್ರೆ ಅದು ಟರ್ನರ್ ಅವರದ್ದು, ಇದ್ರಲ್ಲೇ ಹೆಸರು ಚೆನ್ನಾಗ್ ಬಂದಿದೆ, ರಿಂಗೇ ಬರ್ಲಿ ಬಿಡಿ ಅಂತ ಕೂತಿದಾರೆ. ಅದಕ್ಕೆ ಐದರಲ್ಲಿ ನಾಲ್ಕು ಸ್ಟಾರು. ಗುರುವಾರ ಆ ಕಡೆ ಹೋಗ್ತಿದೀನಿ, ರಿಂಗ್ ಸಿಕ್ರೆ ಅರ್ಧ ಸೇರಿಸ್ತೀನಿ.