ನೆಕ್ಸಸ್ ಸಾಲಿಗೆ ಕಾರು ತಿರುಗಿಸುವ ಮುನ್ನ ಡಿಕ್ಕಿ ತೆರೆದು ನೋಡಿ

ಅಮೆರಿಕ ಮತ್ತು ಕೆನಡಾದ ನಡುವಿನ ಗಡಿಯನ್ನು ಕಾರಿನಲ್ಲಿ ದಾಟುವಾಗ ನೆಕ್ಸಸ್ ಸಾಲನ್ನು ಬಳಸುವ ಕನ್ನಡಿಗ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಕಟ್ಟು ಕರಿಬೇವಿನ ದೆಸೆಯಿಂದ ನಾನೂ ನನ್ನ ಹೆಂಡತಿಯೂ ಆ ಸದಸ್ಯತ್ವವನ್ನು ಕಳೆದುಕೊಂಡಿದ್ದೇವೆ. ದಂಡದ ಹಣ ಹೋದದ್ದು ದೊಡ್ಡ ವಿಷಯವಲ್ಲ. ಅದರ ಬೆನ್ನಿಗೇ ಇನ್ನೂ ಏನೆಲ್ಲ ಹೋಗುತ್ತದೆ ಎಂಬುದನ್ನು ಕಾರ್ಡ್ ಕೈಗೆ ಬಂದಾಗ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ.

ಈ ವ್ಯವಸ್ಥೆಯ ಪರಿಚಯವಿಲ್ಲದವರಿಗೆ ಎರಡು ಮಾತು. ನೆಕ್ಸಸ್ ಎಂಬುದು ಎರಡೂ ದೇಶಗಳ ಗಡಿ ಇಲಾಖೆಗಳು 2002ರಿಂದ ಜಂಟಿಯಾಗಿ ನಡೆಸಿಕೊಂಡು ಬಂದಿರುವ ಯೋಜನೆ. ಅಮೆರಿಕ ಅಥವಾ ಕೆನಡಾದ ಪ್ರಜೆಗಳು ಮತ್ತು ಕಾಯಂ ನಿವಾಸಿಗಳು ಅರ್ಜಿ ಹಾಕಬಹುದು. ಎರಡೂ ಸರ್ಕಾರಗಳು ಅರ್ಜಿದಾರರ ಪೂರ್ವಾಪರವನ್ನು ಶೋಧಿಸಿ, ಸಂದರ್ಶನ ನಡೆಸಿ, ಬೆರಳಚ್ಚು ಪಡೆದು, ಐದು ವರ್ಷಗಳ ಅವಧಿಯ ಕಾರ್ಡ್ ಕೊಡುತ್ತವೆ. 50 ಡಾಲರ್ ಇದ್ದ ಶುಲ್ಕ 2024ರ ಅಕ್ಟೋಬರ್ 1ರಿಂದ 120 ಡಾಲರ್ ಆಗಿದೆ. 18 ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಕಾರ್ಡಿನೊಳಗಿನ ಚಿಪ್ಪನ್ನು ಸಾಲಿನ ಪಕ್ಕದ ಯಂತ್ರ ಓದಿಕೊಳ್ಳುತ್ತದೆ. ನೀವು ಕಿಟಕಿಯ ಬಳಿ ಬರುವ ಹೊತ್ತಿಗೆ ನಿಮ್ಮ ಮುಖ ಅಧಿಕಾರಿಯ ಪರದೆಯ ಮೇಲಿರುತ್ತದೆ, ಹಾಗಾಗಿ ಮಾತು ಒಂದೆರಡು ಪ್ರಶ್ನೆಗಳಲ್ಲಿ ಮುಗಿಯುತ್ತದೆ. ರಜೆಯ ಕೊನೆಯ ಸಂಜೆ ಪಕ್ಕದ ಸಾಲಿನವರು ಗಂಟೆಗಟ್ಟಲೆ ಎಂಜಿನ್ ಆರಿಸಿಕೊಂಡು ಕುಳಿತಿರುವಾಗ ಅವರನ್ನು ದಾಟಿ ಮುಂದೆ ಹೋಗುವ ಸುಖವನ್ನು ನಾನೂ ಅನುಭವಿಸಿದ್ದೇನೆ, ಅಲ್ಲಗಳೆಯುವುದಿಲ್ಲ.

ನಾವು ಸಿಯಾಟಲ್ ಬಳಿ ಇರುವವರು, ಗ್ರೀನ್ ಕಾರ್ಡ್ ಇರುವವರು. ಅಣ್ಣ ಮತ್ತು ಅತ್ತಿಗೆ ಕೆನಡಾದ ವ್ಯಾಂಕೂವರ್ ಪಕ್ಕದ ಸರ್ರಿಯಲ್ಲಿದ್ದಾರೆ. ಅತ್ತಿಗೆಗೆ ಯಾರನ್ನೂ ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲ. ಆ ಸಲವೂ ಚಟ್ನಿಪುಡಿ, ಕೋಡುಬಳೆ, ದಾರಿಗೆ ಪುಳಿಯೋಗರೆ ಎಂದು ಒಂದು ಬಟ್ಟೆಯ ಚೀಲ ತುಂಬಿಸಿ ಡಿಕ್ಕಿಯಲ್ಲಿಟ್ಟರು. ನಮ್ಮ ಕಡೆಯ ಅಂಗಡಿಯಲ್ಲಿ ನಾಲ್ಕು ಕಡ್ಡಿ ಕರಿಬೇವಿಗೆ ಬಾಯಿಗೆ ಬಂದ ಬೆಲೆ ಹೇಳುತ್ತಾರೆ ಎಂದು ನನ್ನ ಹೆಂಡತಿ ಊಟದ ಹೊತ್ತಿನಲ್ಲಿ ಅಂದದ್ದನ್ನು ನೆನಪಿಟ್ಟುಕೊಂಡು, ಫ್ರಿಜ್ಜಿನಲ್ಲಿದ್ದ ಒಂದು ಕಟ್ಟನ್ನು ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕೋಡುಬಳೆ ಡಬ್ಬಿಯ ಕೆಳಗೆ ಸೇರಿಸಿದ್ದರು. ಹೊರಡುವ ಗಡಿಬಿಡಿಯಲ್ಲಿ ಅದನ್ನು ನಮಗೆ ಹೇಳಲಿಲ್ಲ. ಹೇಳಬೇಕಾದ ಸಂಗತಿ ಎಂದು ಅವರಿಗೆ ಅನಿಸಲು ಕಾರಣವೂ ಇರಲಿಲ್ಲ.

ಗಡಿಯಲ್ಲಿ ಅಧಿಕಾರಿ ಎಂದಿನಂತೆ ಕೇಳಿದರು: ಹಣ್ಣು, ತರಕಾರಿ, ಗಿಡ, ಮಾಂಸ ಏನಾದರೂ ಇದೆಯೇ? ಮನೆಯಲ್ಲಿ ಮಾಡಿದ ತಿಂಡಿ ಬಿಟ್ಟರೆ ಬೇರೇನೂ ಇಲ್ಲ ಎಂದೆ. ಅವರು ಒಂದು ಚೀಟಿ ಬರೆದು ಕೊಟ್ಟು, ಪಕ್ಕದ ಮಾಡಿನಡಿ ನಿಲ್ಲಿಸಿ ಎಂದರು. ನೆಕ್ಸಸ್ ಸಾಲಿನಲ್ಲಿಯೂ ಆಗಾಗ ಯಾರನ್ನಾದರೂ ಹೀಗೆ ತಡೆದು ತಪಾಸಣೆ ಮಾಡುವುದುಂಟು, ಅದಕ್ಕೆ ಅನುಮಾನವೇ ಕಾರಣವಾಗಬೇಕೆಂದಿಲ್ಲ. ಅಲ್ಲಿ ಕೃಷಿ ತಪಾಸಣೆಯ ಅಧಿಕಾರಿಯೊಬ್ಬರು ಕೈಗವಸು ತೊಟ್ಟು, ಚೀಲದಲ್ಲಿದ್ದ ಒಂದೊಂದನ್ನೇ ಉಕ್ಕಿನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಚಟ್ನಿಪುಡಿಯನ್ನು ಮೂಸಿ ಪಕ್ಕಕ್ಕಿಟ್ಟರು. ಕರಿಬೇವು ಕೈಗೆ ಸಿಕ್ಕಿದೊಡನೆ ಅವರ ಕೈ ನಿಧಾನವಾಯಿತು. ಕಟ್ಟು ಬಿಚ್ಚಿ, ಕಡ್ಡಿಗಳನ್ನು ಬಿಡಿಸಿ, ಎಲೆಗಳನ್ನು ಮಗುಚಿ, ಎಳೆ ಚಿಗುರಿನ ಬುಡವನ್ನೂ ಎಲೆಯ ಹಿಂಬದಿಯ ನರಗಳನ್ನೂ ದೀಪದ ಕೆಳಗೆ ಭೂತಗನ್ನಡಿ ಹಿಡಿದು ನೋಡಿದರು. ಹುಳು ಸಿಗಲಿಲ್ಲ. ಆದರೂ ಅವರು ಹೇಳಿದ್ದು ಎರಡೇ ಮಾತು: ಈ ಎಲೆಯನ್ನು ಒಳಗೆ ತರುವಂತಿಲ್ಲ, ನೀವು ಏನೂ ಇಲ್ಲ ಎಂದು ಹೇಳಿದ್ದೀರಿ. ನಮಗೆ ಕುತ್ತು ತಂದದ್ದು ಎರಡನೆಯ ಮಾತು.

ಕೆನಡಾದ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ಸೊಪ್ಪು, ಹತ್ತು ಮೈಲಿ ಈಚೆಗೆ ಬಂದರೆ ಅಪರಾಧವೇ ಎಂದು ಸರ್ರಿಯ ಮನೆಯವರು ಇಂದಿಗೂ ವಾದಿಸುತ್ತಾರೆ. ಅಲ್ಲಿ ಕೊಂಡದ್ದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಯಾವ ಗಿಡದ ಎಲೆ ಮತ್ತು ಎಲ್ಲಿ ಬೆಳೆದದ್ದು ಎಂಬುದಷ್ಟೇ ಮುಖ್ಯ. ಕರಿಬೇವು ನಿಂಬೆ ಮತ್ತು ಕಿತ್ತಳೆಯ ಕುಟುಂಬಕ್ಕೆ ಸೇರಿದ ಗಿಡ. ಕಿತ್ತಳೆ ಜಾತಿಯ ಮರಗಳಿಗೆ ಗ್ರೀನಿಂಗ್ ರೋಗವನ್ನು ಹರಡುವ, ಎಳ್ಳಿನ ಕಾಳಿನಷ್ಟಿರುವ ಸಿಲ್ಲಿಡ್ ಎಂಬ ಕೀಟಕ್ಕೆ ಕರಿಬೇವಿನ ಚಿಗುರು ಅಚ್ಚುಮೆಚ್ಚಿನ ತಾಣ. ಈ ರೋಗಕ್ಕೆ ಮದ್ದಿಲ್ಲ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಅದು ಆ ರಾಜ್ಯದ ಕಿತ್ತಳೆ ಬೆಳೆಯನ್ನು ಹತ್ತರಲ್ಲಿ ಒಂದು ಪಾಲು ಉಳಿದರೆ ಹೆಚ್ಚು ಎಂಬ ಸ್ಥಿತಿಗೆ ತಂದಿದೆ. ನಮ್ಮ ಕೊಡಗಿನ ಕಿತ್ತಳೆಯನ್ನು ಸೊರಗಿಸಿದ ರೋಗಗಳಲ್ಲಿಯೂ ಇದು ಒಂದು. ಹಾಗಾಗಿ ಆ ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ. ವಿರಾಜಪೇಟೆ ಕಡೆಯ ಹಳೆಯ ಬೆಳೆಗಾರರೊಬ್ಬರನ್ನು ಆ ಮೇಜಿನ ಮುಂದೆ ನಿಲ್ಲಿಸಿದ್ದರೆ ಅವರೂ ಹಾಗೆಯೇ ಎಲೆ ಮಗುಚುತ್ತಿದ್ದರು.

ಘೋಷಿಸದೆ ತಂದ ಕೃಷಿ ಪದಾರ್ಥಕ್ಕೆ, ಅದು ಮನೆಬಳಕೆಯ ಪ್ರಮಾಣದ್ದೇ ಆಗಿದ್ದರೂ, ಮೊದಲ ಸಲವೇ 1,000 ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ. ನಮಗೆ ಅದಕ್ಕಿಂತ ಕಡಿಮೆ ಹಾಕಿದರು, ಅಲ್ಲಿಯೇ ಕಟ್ಟಿ ರಸೀದಿ ಪಡೆದು ಮನೆಗೆ ಬಂದೆವು, ಮುಗಿಯಿತು ಎಂದುಕೊಂಡೆವು. ಕೆಲವು ವಾರಗಳ ನಂತರ, ನೆಕ್ಸಸ್ ಸದಸ್ಯರ ಜಾಲತಾಣದ ಖಾತೆಯಲ್ಲಿ ಬದಲಾವಣೆಯಾಗಿದೆ ಎಂಬ ಇ-ಮೇಲ್ ಬಂತು. ತೆರೆದು ನೋಡಿದರೆ ಚಾಲಕನಾಗಿದ್ದ ನನ್ನದೂ, ಚೀಲ ತನ್ನದೆಂದು ಒಪ್ಪಿಕೊಂಡ ಹೆಂಡತಿಯದೂ ಸದಸ್ಯತ್ವ ರದ್ದು. ಮಗನದು ಉಳಿದಿದೆ, ಅವನ ಕಾರ್ಡಿಗೆ ಇನ್ನೂ ಬೇಕಾದಷ್ಟು ಅವಧಿ ಇದೆ. ಮೂರನೆಯ ತರಗತಿಯ ಹುಡುಗ ಒಬ್ಬನೇ ಕಾರು ಓಡಿಸಿಕೊಂಡು ಗಡಿ ದಾಟಬಲ್ಲನಾದರೆ ಅದು ಉಪಯೋಗಕ್ಕೆ ಬರುತ್ತದೆ.

ಈ ಬರಹದ ಮುಖ್ಯ ಎಚ್ಚರಿಕೆ ಇಲ್ಲಿದೆ. ನೆಕ್ಸಸ್ ಸದಸ್ಯರಿಗೆ ವಿಮಾನ ನಿಲ್ದಾಣದಲ್ಲಿ ವಲಸೆ ತಪಾಸಣೆಯನ್ನು ಬೇಗ ಮುಗಿಸುವ ಗ್ಲೋಬಲ್ ಎಂಟ್ರಿಯೂ, ಭದ್ರತಾ ತಪಾಸಣೆಯನ್ನು ಚುಟುಕಾಗಿಸುವ ಟಿಎಸ್‌ಎ ಪ್ರೀಚೆಕ್ ಸೌಲಭ್ಯವೂ ಅದೇ ಕಾರ್ಡಿನ ಜೊತೆಗೆ ಸಿಗುತ್ತವೆ. ಹೋಗುವಾಗಲೂ ಅವು ಜೊತೆಯಲ್ಲಿಯೇ ಹೋಗುತ್ತವೆ. ರಸ್ತೆಯ ಗಡಿಯಲ್ಲಿ ಆದ ಪ್ರಕರಣದ ಫಲವನ್ನು ನಾವು ಮುಂದಿನ ಸಲ ಬೆಂಗಳೂರಿನಿಂದ ಮರಳುವಾಗ, ನಿದ್ದೆಗೆಟ್ಟ ಮಗುವನ್ನು ಹೆಗಲಿಗೆ ಹಾಕಿಕೊಂಡು ವಲಸೆ ವಿಭಾಗದ ಹಾವಿನಂಥ ಸಾಲಿನಲ್ಲಿ ನಿಂತು ಉಂಡೆವು. ಅದೇ ಕರಿಬೇವನ್ನು ಸಾಮಾನ್ಯ ಸಾಲಿನಲ್ಲಿ ಬಂದವರ ಡಿಕ್ಕಿಯಲ್ಲಿ ಹಿಡಿದಿದ್ದರೆ ದಂಡ ಕಟ್ಟಿಸಿಕೊಂಡು ಬಿಡುತ್ತಿದ್ದರು, ಏಕೆಂದರೆ ಅವರ ಬಳಿ ಕಿತ್ತುಕೊಳ್ಳುವಂಥದ್ದು ಏನೂ ಇಲ್ಲ. ನಿಯಮ ಎಲ್ಲರಿಗೂ ಒಂದೇ ಆದರೂ ಸದಸ್ಯರಿಗೆ ನಷ್ಟ ಹೆಚ್ಚು. ಸಾಲು ಬೇಗ ಸಾಗುವುದು ನಿಮ್ಮ ಬಾಯಿಮಾತನ್ನು ನಂಬುತ್ತಾರೆಂಬ ಒಂದೇ ಕಾರಣಕ್ಕೆ. ಆ ಮಾತು ಸುಳ್ಳೆಂದು ಕಂಡಾಗ ನಿಮಗೆ ಗೊತ್ತಿತ್ತೋ ಇಲ್ಲವೋ ಎಂಬ ವಿಚಾರಣೆ ನಡೆಯುವುದಿಲ್ಲ.

ಆದ್ದರಿಂದ ನೆಂಟರ ಮನೆಯಿಂದ ಹೊರಡುವಾಗ ಸಂಕೋಚ ಬಿಟ್ಟು ಪ್ರತಿಯೊಂದು ಡಬ್ಬಿಯನ್ನೂ ತೆರೆಯಿಸಿ ನೋಡಿ. ಕರಿಬೇವಿನಂತೆಯೇ ನಿಂಬೆ, ಕಿತ್ತಳೆ, ಮೋಸಂಬಿ, ವೀಳ್ಯದೆಲೆ, ಪೂಜೆಯ ಹೂವು, ಮಣ್ಣಿನೊಂದಿಗೆ ಕಟ್ಟಿಕೊಟ್ಟ ತುಳಸಿಯ ಸಸಿ ಇವೆಲ್ಲ ಹಣ್ಣು, ತರಕಾರಿ, ಗಿಡ ಎಂಬ ಪ್ರಶ್ನೆಯೊಳಗೆ ಬರುತ್ತವೆ. ಮಕ್ಕಳ ಶಾಲೆಯ ಚೀಲದ ತಳವನ್ನು ಮರೆಯಬೇಡಿ, ಅರ್ಧ ತಿಂದ ಹಣ್ಣಿನ ನೆಲೆ ಅದು. ಅನುಮಾನವಿದ್ದರೆ ಸಾಮಾನ್ಯ ಸಾಲಿನಲ್ಲಿಯೇ ಹೋಗಿ, ಇರುವುದನ್ನು ಮೊದಲೇ ಹೇಳಿ. ತಾನಾಗಿ ಹೇಳಿದವರ ವಸ್ತು ನಿಷಿದ್ಧವಾಗಿದ್ದರೆ ಅದನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳಿರುವವರು ಇನ್ನೊಂದು ಮಾತು ಕೇಳಬೇಕು. ಗಾಂಜಾ ಕೆನಡಾದಲ್ಲಿ 2018ರಿಂದ ಕಾನೂನುಬದ್ಧ, ವಾಷಿಂಗ್ಟನ್ ರಾಜ್ಯದಲ್ಲಿಯೂ ಸಿಗುತ್ತದೆ, ಆದರೆ ಅದನ್ನು ಗಡಿ ದಾಟಿಸುವುದು ಎರಡೂ ದಿಕ್ಕಿನಲ್ಲಿ ಅಪರಾಧ. ಜೇಬಿನಲ್ಲಿ ಉಳಿದ ಒಂದು ಗಾಂಜಾ ಮಿಠಾಯಿಯೂ ಈ ಲೆಕ್ಕಕ್ಕೆ ಸೇರುತ್ತದೆ.

ವಸ್ತುಗಳಷ್ಟೇ ಅಲ್ಲ, ಜನರ ವಿಷಯದಲ್ಲಿಯೂ ಎಡವುವವರಿದ್ದಾರೆ. ನೆಕ್ಸಸ್ ಸಾಲಿಗೆ ಹೋಗಬೇಕಾದರೆ ಕಾರಿನಲ್ಲಿರುವ ಪ್ರತಿಯೊಬ್ಬರೂ ಸದಸ್ಯರಾಗಿರಬೇಕು, ತೊಟ್ಟಿಲ ಕೂಸಿಗೂ ರಿಯಾಯಿತಿ ಇಲ್ಲ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಕೆನಡಾದ ಬ್ಯಾನ್ಫ್ ಬೆಟ್ಟಗಳನ್ನು ತೋರಿಸಲು ಹೊರಟವರು ನಾವಿಬ್ಬರೂ ಸದಸ್ಯರಲ್ಲವೇ ಎಂದುಕೊಂಡು ಆ ಸಾಲಿಗೆ ನುಗ್ಗಬಾರದು. ಪ್ರವಾಸಿ ವೀಸಾದವರೂ, ಎಚ್-1ಬಿ ವೀಸಾದಲ್ಲಿರುವ ಗೆಳೆಯರೂ ನೆಕ್ಸಸ್‌ಗೆ ಅರ್ಹರೇ ಅಲ್ಲ. ನಯಾಗರಾದ ವರ್ಲ್‌ಪೂಲ್ ಸೇತುವೆಯಂತೂ ಪೂರ್ತಿ ನೆಕ್ಸಸ್‌ನವರಿಗೇ ಮೀಸಲು, ಅಲ್ಲಿ ಪಕ್ಕಕ್ಕೆ ಸರಿದುಕೊಳ್ಳಲು ಸಾಮಾನ್ಯ ಸಾಲು ಎಂಬುದೇ ಇಲ್ಲ. ಬಫಲೋ ಕಡೆಯಿಂದ ಟೊರಾಂಟೊಗೆ ಹೋಗುವವರು ನಕ್ಷೆಯಲ್ಲಿ ಅದು ಖಾಲಿ ಕಂಡಿತೆಂದು ಅತ್ತ ತಿರುಗುವ ಮುನ್ನ ಇದನ್ನು ನೆನಪಿಡಿ.

ಗ್ಲೋಬಲ್ ಎಂಟ್ರಿ ಕಾರ್ಡ್ ಇರುವವರು ಮಾಡಿಕೊಳ್ಳುವ ಗೊಂದಲ ಇನ್ನೊಂದು ಬಗೆಯದು. ಆ ಕಾರ್ಡ್ ಹಿಡಿದು ಅಮೆರಿಕದ ಒಳಕ್ಕೆ ಬರುವಾಗ ನೆಕ್ಸಸ್ ಸಾಲನ್ನು ಬಳಸಬಹುದು, ಕೆನಡಾದ ಒಳಕ್ಕೆ ಹೋಗುವಾಗ ಬಳಸುವಂತಿಲ್ಲ. ನಮ್ಮ ಬಳಗದವರೊಬ್ಬರು ಬರುವಾಗ ನಡೆದದ್ದು ಹೋಗುವಾಗಲೂ ನಡೆಯುತ್ತದೆಂದು ತಿಳಿದು ಉತ್ತರದ ಕಡೆ ಸಿಕ್ಕಿಹಾಕಿಕೊಂಡು, ಒಳಗೆ ಕುಳಿತು ಲಿಖಿತ ಹೇಳಿಕೆ ಕೊಟ್ಟು ಬರಬೇಕಾಯಿತು. ಸ್ಯಾನ್ ಡಿಯಾಗೋ ಕಡೆಯವರಿಗೆ ಮೆಕ್ಸಿಕೋ ಗಡಿಯಲ್ಲಿರುವ, ನೆಕ್ಸಸ್‌ನಂಥದೇ ಆದ ಸೆಂಟ್ರಿ ಸಾಲಿನಲ್ಲಿ ಕಾರನ್ನೂ ನೋಂದಾಯಿಸಿರಬೇಕು ಎಂಬ ಷರತ್ತಿದೆ, ನೆಕ್ಸಸ್‌ನಲ್ಲಿ ಅದಿಲ್ಲ. ಒಂದು ಗಡಿಯ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗುವುದೇ ತೊಂದರೆಗೆ ದಾರಿ.

ಭಾರತದ ಪಾಸ್‌ಪೋರ್ಟ್ ಇರುವ ನಮ್ಮಂಥವರಿಗೆ ಕಾರ್ಡೊಂದೇ ಸಾಲದು ಎಂಬುದನ್ನೂ ಸೇರಿಸಬೇಕು. ಗ್ರೀನ್ ಕಾರ್ಡ್ ಇರುವವರಿಗೆ ಕೆನಡಾ ವೀಸಾ ಕೇಳುವುದಿಲ್ಲ, ಆದರೆ 2022ರ ಏಪ್ರಿಲ್‌ನಿಂದ ಈಚೆಗೆ, ಅವಧಿ ಮುಗಿದಿರದ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡೂ ಕೈಯಲ್ಲಿರಬೇಕು. ಸರ್ರಿಯ ಅಣ್ಣನಂತೆ ಕೆನಡಾದ ಕಾಯಂ ನಿವಾಸಿಯಾದ ಭಾರತೀಯರಿಗೆ ನೆಕ್ಸಸ್ ಇದ್ದರೂ ಅಮೆರಿಕದ ವೀಸಾ ಬೇಕೇ ಬೇಕು. ಪಾಸ್‌ಪೋರ್ಟ್ ನವೀಕರಿಸಿದಾಗ, ಮನೆ ಬದಲಿಸಿದಾಗ ಖಾತೆಯಲ್ಲಿ ತಿದ್ದುವುದು ಸದಸ್ಯರ ಹೊಣೆ.

ಇನ್ನು, ನಮ್ಮಂತೆ ಕಳೆದುಕೊಂಡವರಿಗೆ. ರದ್ದತಿಯ ಪತ್ರ ಖಾತೆಯಲ್ಲಿಯೇ ಇರುತ್ತದೆ, ಅದನ್ನು ಇಳಿಸಿಕೊಳ್ಳಿ. ಅದೇ ಜಾಲತಾಣದ ಮೂಲಕ, ದೂರು ಕೇಳುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಮರುಪರಿಶೀಲನೆಯ ಅರ್ಜಿ ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ತಪಾಸಣೆಯ ದಿನ ಕೊಟ್ಟ ಕಾಗದ, ದಂಡದ ರಸೀದಿ, ಯಾವ ವಸ್ತು, ಎಷ್ಟು ಪ್ರಮಾಣ, ಅದು ಹೇಗೆ ಚೀಲ ಸೇರಿತು ಎಂಬ ವಿವರ ಇವನ್ನೆಲ್ಲ ನೆನಪು ಹಸಿಯಾಗಿರುವಾಗಲೇ ಬರೆದು ಲಗತ್ತಿಸಿ. ನನ್ನ ಅರ್ಜಿಯನ್ನು ಒಂದು ಸಾಲಿನಲ್ಲಿ ತಿರಸ್ಕರಿಸಿದರು, ಹೆಂಡತಿಯದಕ್ಕೆ ಇನ್ನೂ ಉತ್ತರವಿಲ್ಲ. ಹೊಸದಾಗಿ ಅರ್ಜಿ ಹಾಕಲು ಅಡ್ಡಿಯಿಲ್ಲವಾದರೂ 120 ಡಾಲರ್ ಮೊದಲೇ ಕಟ್ಟಬೇಕು, ತಿರಸ್ಕಾರವಾದರೆ ಹಣ ಮರಳುವುದಿಲ್ಲ, ಹಳೆಯ ಪ್ರಕರಣ ಕಡತದಲ್ಲಿ ಕುಳಿತೇ ಇರುತ್ತದೆ. ಆದ್ದರಿಂದ ಮರುಪರಿಶೀಲನೆ ಮುಗಿಯುವ ಮುನ್ನ ಅದಕ್ಕೆ ಕೈಹಾಕಬೇಡಿ. ಅಮೆರಿಕದ ಒಳಕ್ಕೆ ಬರುವಾಗ ಹಲವು ದೊಡ್ಡ ಗಡಿದ್ವಾರಗಳಲ್ಲಿ ರೆಡಿ ಲೇನ್ ಎಂಬ ಸಾಲಿದೆ, ಗ್ರೀನ್ ಕಾರ್ಡಿನಲ್ಲಿಯೂ ಚಿಪ್ ಇರುವುದರಿಂದ ಅಲ್ಲಿ ಹೋಗಬಹುದು, 16 ವರ್ಷ ಮೇಲ್ಪಟ್ಟ ಎಲ್ಲರ ಬಳಿಯೂ ಅಂಥ ಕಾರ್ಡ್ ಇದ್ದರೆ ಸಾಕು. ನೆಕ್ಸಸ್‌ನಷ್ಟು ವೇಗವಿಲ್ಲದಿದ್ದರೂ ಸಾಮಾನ್ಯ ಸಾಲಿಗಿಂತ ವಾಸಿ. ಈಗ ನಾವು ಬರುತ್ತಿರುವುದು ಅದರಲ್ಲಿಯೇ.