ಮೂರು ವರ್ಷ, 41 ಸಾವಿರ ಕಿ.ಮೀ.: ಸಿಮ್ ಇರುವ ಕಾರು ಕೊಡಗಿನ ರಸ್ತೆಯಲ್ಲಿ

ಕಾರು ತಗೊಂಡದ್ದು 2021ರಲ್ಲಿ. ಓಡಿದ್ದು 41 ಸಾವಿರ ಚಿಲ್ಲರೆ, ಹೆಚ್ಚಿನದೆಲ್ಲ ನಾಪೋಕ್ಲು, ಮಡಿಕೇರಿ, ವಿರಾಜಪೇಟೆ, ಆಗಾಗ ಮೈಸೂರು. ಕಾರಿನೊಳಗೇ ಒಂದು ಸಿಮ್ ಕೂರಿಸಿರುತ್ತಾರೆ. ಕಾರು ಎಲ್ಲಿದೆ, ಎಷ್ಟು ಸ್ಪೀಡು, ಬ್ಯಾಟರಿ ಹೇಗಿದೆ ಎಂಬುದನ್ನೆಲ್ಲ ಅದು ಕಂಪನಿಯ ಸರ್ವರಿಗೆ ಕಳಿಸುತ್ತದೆ, ಅಲ್ಲಿಂದ ನಮ್ಮ ಮೊಬೈಲಿನ ಆ್ಯಪಿಗೆ ಬರುತ್ತದೆ. ಮೂರು ವರ್ಷ ಪುಕ್ಕಟೆ, ಆಮೇಲೆ ವರ್ಷಾ ವರ್ಷಾ ದುಡ್ಡು ಕಟ್ಟಬೇಕು. ಕಟ್ಟಬೇಕಾ ಬೇಡವಾ ಅಂತ ಲೆಕ್ಕ ಹಾಕುತ್ತಾ ಕೂತಾಗ ಇದನ್ನು ಬರೆಯೋಣ ಅನ್ನಿಸಿತು. ಕಂಪನಿ ಹೆಸರು ಬೇಡ.

ಶೋರೂಮಿನಲ್ಲಿ ಹುಡುಗ ಮೊದಲು ತೋರಿಸಿದ್ದು ಮನೆಯೊಳಗಿಂದಲೇ ಮೊಬೈಲ್ ಒತ್ತಿ ಕಾರಿನ ಎಸಿ ಹಾಕುವುದು. ಜುಲೈಯಲ್ಲಿ ಕಂಬಳಿ ಹೊದ್ದು ಒಲೆ ಮುಂದೆ ಕೂರುವ ಊರಿನವನಿಗೆ ಎಸಿ! ಮೂರು ವರ್ಷದಲ್ಲಿ ಎರಡು ಸಲ ಬಳಸಿರಬಹುದು, ಎರಡೂ ಮೈಸೂರಿನಲ್ಲಿ.

ಅಪಾಯವಾದಾಗ ಒತ್ತಿ ಸಹಾಯ ಕರೆಯುವ ಕೆಂಪು ಎಸ್‌ಒಎಸ್ ಬಟನ್ ನೋಡಿ ಮಾತ್ರ ನಿಜವಾಗಿಯೂ ಖುಷಿಯಾಗಿತ್ತು. 2022ರ ಜುಲೈ, ಇರಿಟ್ಟಿಯಿಂದ ವಾಪಸ್ ಬರುತ್ತಿದ್ದೆವು. ಮಾಕುಟ್ಟದ ಕಾಡು, ಜಡಿಮಳೆ, ಎದುರಿಗೆ ಬಂದ ಬಸ್ಸಿಗೆ ಜಾಗ ಕೊಡಲು ಹೋಗಿ ಎಡಗಡೆ ಚಕ್ರ ಚರಂಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಬಟನ್ ಒತ್ತಿದೆ. ಲೈಟು ಮಿಣುಕಿತು, ಅಷ್ಟೇ. ನೆಟ್‌ವರ್ಕ್ ಇಲ್ಲ. ಕೊನೆಗೆ ತರಕಾರಿ ಪಿಕಪ್‌ನವರೊಬ್ಬರು ಹಗ್ಗ ಕಟ್ಟಿ ಎಳೆದು ಹಾಕಿದರು. ಪೆರುಂಬಾಡಿ ಹತ್ತಿರ ಬರುತ್ತಿದ್ದ ಹಾಗೆ ಮೊಬೈಲ್ ಟಿಂಗ್ ಅಂತು: ನಿಮ್ಮ ಕಾರು 52 ನಿಮಿಷದಿಂದ ನಿಂತಲ್ಲೇ ಇದೆ. ನನಗೂ ಗೊತ್ತು ಮಾರಾಯ!

ಒಳಗಿರುವುದು ಒಂದೇ ಮೊಬೈಲ್ ಕಂಪನಿಯ ಸಿಮ್, ನಾವು ಬದಲಿಸುವ ಹಾಗಿಲ್ಲ. ನಮ್ಮ ಕಡೆ ಒಂದು ಊರಲ್ಲಿ ಸಿಗುವ ಟವರ್ ಇನ್ನೊಂದು ಊರಲ್ಲಿ ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟು ಹೋಗಿ ಅರ್ಧ ದಿನವಾದರೆ ಇರುವ ಟವರೂ ಮಲಗುತ್ತದೆ. ಯುರೋಪಿನಲ್ಲಿ 2018ರ ಏಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳಿಗೆ ಇ-ಕಾಲ್ ಕಡ್ಡಾಯ ಮಾಡಿದ್ದಾರೆ. ಗುದ್ದಿ ಏರ್‌ಬ್ಯಾಗ್ ತೆರೆದರೆ ಕಾರೇ ತುರ್ತು ನಂಬರ್ 112ಕ್ಕೆ ಕರೆ ಮಾಡುತ್ತದೆ, ಆ ಕರೆ ಯಾವ ಕಂಪನಿಯ ಟವರ್ ಸಿಕ್ಕರೂ ಹೋಗುತ್ತದೆ. ನನ್ನ ಕಾರಿನದು ಹೋಗುವುದು 112ಕ್ಕಲ್ಲ, ಕಾರು ಕಂಪನಿಯ ಕಾಲ್ ಸೆಂಟರಿಗೆ. ಮಡಿಕೇರಿಯಲ್ಲಿ ನಿಂತು ಒಮ್ಮೆ ಸುಮ್ನೆ ಪರೀಕ್ಷೆ ಮಾಡಿದೆ, ಆ ಕಡೆಯವರು ಹಿಂದಿಯಲ್ಲಿ ಹತ್ತಿರ ಯಾವ ಮಾಲ್ ಇದೆ ಅಂತ ಕೇಳಿದರು.

ಹಾಗಂತ ಎಲ್ಲ ದಂಡ ಅಂತ ಹೇಳುತ್ತಿಲ್ಲ. ಟೈರಿನ ಗಾಳಿ ತೋರಿಸುವ ಸೆನ್ಸರ್ ಇದೆಯಲ್ಲ, ಅದೊಂದಕ್ಕೇ ಕೊಟ್ಟ ದುಡ್ಡು ವಸೂಲಾಯಿತು. ಚಕ್ರದೊಳಗಿನ ಸೆನ್ಸರ್ ರೇಡಿಯೋ ಮೂಲಕ ನೇರ ಕಾರಿಗೇ ಹೇಳುತ್ತದೆ, ಅದಕ್ಕೆ ಸಿಮ್ಮೂ ಬೇಡ, ಟವರೂ ಬೇಡ. ಸಂಪಾಜೆ ಘಾಟಿ ಇಳಿಯುವಾಗ ಹಿಂದಿನ ಬಲಗಡೆ ಟೈರು 33ರಿಂದ ನೋಡನೋಡುತ್ತಾ 24ಕ್ಕೆ ಬಂತು. ನಿಲ್ಲಿಸಿ ನೋಡಿದರೆ ಮೊಳೆ. ಆ ತಿರುವುಗಳಲ್ಲಿ ಪೂರ್ತಿ ಗಾಳಿ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಇಷ್ಟವಿಲ್ಲ. ಒಂದು ಮಾತು, ಬೆಳಿಗ್ಗೆ ಚಳಿಗೆ ಎರಡು ಪಾಯಿಂಟ್ ಕಡಿಮೆ ತೋರಿಸುತ್ತದೆ, ಸ್ವಲ್ಪ ಓಡಿದ ಮೇಲೆ ಸರಿಯಾಗುತ್ತದೆ. ಗೊತ್ತಿಲ್ಲದೆ ಮೊದಲ ವಾರ ನಾನು ಗಾಳಿ ಹಾಕಿಸಿದ್ದೇ ಹಾಕಿಸಿದ್ದು.

ತಿತಿಮತಿ ದಾಟಿ ಆನೆಚೌಕೂರು ಕಡೆ ಹೋಗುವಾಗ ಎದುರಿನ ಜೀಪಿನವರು ಎರಡು ಸಲ ಲೈಟು ಹೊಡೆದರೆ ಮುಂದೆ ಆನೆ ಇದೆ ಅಂತ ಅರ್ಥ, ಅಲ್ವಾ? ಈ ಕೆಲಸವನ್ನೇ ಗಾಡಿಗಳು ತಾವೇ ಮಾಡುವ ತಂತ್ರಜ್ಞಾನವೂ ಇದೆ. 5.9 ಗಿಗಾಹರ್ಟ್ಸ್ ರೇಡಿಯೋದಲ್ಲಿ ಒಂದು ಗಾಡಿ ಇನ್ನೊಂದಕ್ಕೆ ನೇರವಾಗಿ ‘ನಾನು ಇಲ್ಲಿದ್ದೇನೆ, ಗಟ್ಟಿ ಬ್ರೇಕ್ ಹಾಕಿದೆ’ ಅಂತ ಸೆಕೆಂಡಿಗೆ ಹತ್ತು ಸಲದವರೆಗೂ ಹೇಳುತ್ತಿರುತ್ತದೆ, ನಡುವೆ ಟವರ್ ಬೇಕಿಲ್ಲ. ಮಂಜು ಮುಸುಕಿ ಬಾನೆಟ್ಟೇ ಕಾಣದ ನಮ್ಮ ತಿರುವುಗಳಿಗೆ ಬೇಕಾದದ್ದು ಇದು. ನನ್ನ ಕಾರಿನಲ್ಲಿ ಇಲ್ಲ. ಇದ್ದರೂ ಎದುರಿನ ಗಾಡಿಯಲ್ಲೂ ಇರಬೇಕು, ಇಲ್ಲದಿದ್ದರೆ ಯಾರ ಹತ್ತಿರ ಮಾತಾಡುತ್ತದೆ? ಆನೆಗಂತೂ ಯಾರೂ ಸಿಮ್ ಹಾಕಿ ಕೊಡುವುದಿಲ್ಲ.

ನಾವು ಹೇಗೆ ಓಡಿಸುತ್ತೇವೆ ಅಂತ ನೋಡಿ ಆ್ಯಪ್ ಕೊಡುವ ಡ್ರೈವಿಂಗ್ ಮಾರ್ಕು ಅಂತ ಒಂದಿದೆ. ಮೈಸೂರು ರಸ್ತೆಯಲ್ಲಿ 90 ಬರುತ್ತದೆ, ಭಾಗಮಂಡಲಕ್ಕೆ ಹೋಗಿ ಬಂದರೆ 50. ತಿರುವಿಗೊಂದು ಬ್ರೇಕ್ ಹಾಕಬೇಡಿ ಅಂದರೆ ಹೇಗೆ? ನಾನು ಅದನ್ನು ಆಫ್ ಮಾಡಿ ಇಟ್ಟಿದ್ದೇನೆ. ಮಳೆಗಾಲದಲ್ಲಿ ಹದಿನೈದು ದಿನ ಕಾರು ತೆಗೆಯದಿದ್ದಾಗ ಬ್ಯಾಟರಿ ಪೂರ್ತಿ ಇಳಿದಿತ್ತು. ನಿಂತ ಗಾಡಿಯಲ್ಲೂ ಆ ಸಿಮ್ಮಿನ ಪೆಟ್ಟಿಗೆ ಸ್ವಲ್ಪ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತದೆ. ಈಗ ನಾಲ್ಕು ದಿನಕ್ಕೊಮ್ಮೆ ಒಂದು ಸುತ್ತು ಹೋಗಿ ಬರುತ್ತೇನೆ.

ನಿಜವಾಗಿ ಲಾಭ ಆದದ್ದು ಕಾರಿನಿಂದಲ್ಲ, ತೋಟದ ಪಿಕಪ್‌ಗೆ ಹಾಕಿಸಿದ ಸಾದಾ ಟ್ರ್ಯಾಕರ್‌ನಿಂದ. ನೆಟ್‌ವರ್ಕ್ ಇಲ್ಲದ ಕಡೆ ಅದು ಗಾಡಿ ಎಲ್ಲಿ ಹೋಯಿತು, ಎಷ್ಟು ಹೊತ್ತು ನಿಂತಿತು ಎಂಬ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸುತ್ತದೆ. ರೋಬಸ್ಟಾ ಕೊಯ್ಲಿನ ಸಮಯದಲ್ಲಿ ನೋಡಿದರೆ ಗಾಡಿ ದಿನಾ ಒಂದೂವರೆ ಗಂಟೆ ನಿಂತಲ್ಲೇ ಎಂಜಿನ್ ಓಡಿಸಿಕೊಂಡಿತ್ತು, ತೋಟದಲ್ಲಿ ಮೂಟೆ ಹೇರುವಾಗ, ಕುಶಾಲನಗರದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಮುಂದೆ ಸಾಲಿನಲ್ಲಿ ಕಾಯುವಾಗ. ನಮ್ಮ ಡ್ರೈವರಿಗೆ ತೋರಿಸಿದೆ. ‘ಅಣ್ಣಾ, ಸೆಲ್ಫ್ ಸರಿ ಇಲ್ಲ, ಆಫ್ ಮಾಡಿದರೆ ತಳ್ಳಬೇಕು’ ಅಂದ. ತಪ್ಪು ನನ್ನದೇ. ಸೆಲ್ಫ್ ರಿಪೇರಿ ಮಾಡಿಸಿದ ಮೇಲೆ ದಿನಕ್ಕೆ ಒಂದು ಲೀಟರಿನಷ್ಟು ಡೀಸೆಲ್ ಉಳಿಯುತ್ತಿದೆ.

ಹಾಗಾಗಿ ಟ್ರ್ಯಾಕರಿಗೆ ದುಡ್ಡು ಕಟ್ಟಿದ್ದೇನೆ, ಕಾರಿನದಕ್ಕೆ ಈ ಸಲ ಇಲ್ಲ. ಟೈರಿನ ಸೆನ್ಸರ್ ದುಡ್ಡು ಕಟ್ಟದಿದ್ದರೂ ಕೆಲಸ ಮಾಡುತ್ತದೆ. ಮಗಳು ಮೈಸೂರಿಗೆ ಓದಲು ಹೋಗುವಾಗ ಕಾರು ಬೇಕು ಅನ್ನುತ್ತಿದ್ದಾಳೆ. ಕೊಟ್ಟರೆ ಆಗ ಮತ್ತೆ ಕಟ್ಟುತ್ತೇನೆ, ಆದರೆ ಅವಳಿಗೆ ಹೇಳಿಯೇ.